ನಿಮಗಿದು ಗೊತ್ತೆ? ಹಾರುವ ಟವರ್!

ಹೆಗ್ಗದ್ದೆಯಂಥ ಮಲೆನಾಡಿನ ಊರುಗಳಲ್ಲಿ ಫೋನ್ ಬಂದರೆ ಜನ ಮಾತಾಡುತ್ತಲೇ ಅಂಗಳ ದಾಟಿ ದಿಬ್ಬ ಹತ್ತುತ್ತಾರೆ. ನಡುವೆ ಗುಡ್ಡ ಬಂದರೆ ಸಿಗ್ನಲ್ ಕತೆ ಮುಗಿಯಿತು. ಮಳೆಗೆ ತೊಯ್ದ ಎಲೆಗಳೂ ಒಂದಷ್ಟು ನುಂಗುತ್ತವೆ.

ಟವರನ್ನೇ ಮೇಲೆ ಹಾರಿಸಿದರೆ? 2017ರಲ್ಲಿ ಮಾರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಅಪ್ಪಳಿಸಿದ ಮೇಲೆ ಎಟಿ ಅಂಡ್ ಟಿ ಕಂಪನಿ ಅದನ್ನೇ ಮಾಡಿತು. ಆ ಡ್ರೋನಿನ ಹೆಸರು ‘ಹಾರುವ ಹಸು’. ಈ ಹಸುವಿಗೂ ಹಗ್ಗ ಬಿಗಿದಿದ್ದರು! ಬ್ಯಾಟರಿ ನಂಬಿದರೆ ಸಾಮಾನ್ಯ ಡ್ರೋನ್ ಅರ್ಧ ಗಂಟೆಗೆ ಇಳಿಯಬೇಕು. ಅದಕ್ಕೇ ನೆಲದಿಂದ ತಂತಿಯಲ್ಲಿ ಕರೆಂಟು.

ಸಂಶೋಧಕರಿಗೆ ಡ್ರೋನ್ ಒಂದು ಹಾರುವ ಪ್ರಯೋಗಾಲಯ. ಪುಟ್ಟ ರೇಡಿಯೊ ಕಟ್ಟಿ ಹಾರಿಸಿ, ಯಾವ ಎತ್ತರದಲ್ಲಿ ಸಿಗ್ನಲ್ ಎಷ್ಟಿದೆ ಎಂದು ಅಳೆಯುತ್ತಾರೆ. ಮೇಲೆ ಹೋದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಟವರಿನ ಆಂಟೆನಾಗಳು ನೆಲದತ್ತ ಬಾಗಿರುತ್ತವೆ. ಮೇಲಿನ ಡ್ರೋನಿಗೆ ದೂರದ ಹತ್ತಾರು ಟವರುಗಳು ಒಟ್ಟಿಗೆ ಕಂಡು, ಸಂತೆಯ ಗದ್ದಲದಂತೆ ಸಿಗ್ನಲ್ ಕಲಸಿಹೋಗುತ್ತದೆ.

ಹಾರುವ ಟವರಿನತ್ತ ನಮ್ಮಲ್ಲೂ ಪ್ರಯತ್ನ ನಡೆದಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯಲ್ಲಿ ಸೌರಶಕ್ತಿಯ ಮಾದರಿ ವಿಮಾನವನ್ನು ಎಂಟೂವರೆ ಗಂಟೆ ಹಾರಿಸಿತು. ಸುಮಾರು 20 ಕಿ.ಮೀ. ಎತ್ತರದಲ್ಲಿ ತಿಂಗಳುಗಟ್ಟಲೆ ನಿಲ್ಲುವ ದೊಡ್ಡ ವಿಮಾನಕ್ಕೆ ಇದು ಪೂರ್ವತಯಾರಿ. ಸಂಪರ್ಕ ಸೇವೆ ಅದರ ಉದ್ದೇಶಗಳಲ್ಲೊಂದು.

ಅಂದಹಾಗೆ, 2021ರ ಡ್ರೋನ್ ನಿಯಮಗಳಂತೆ ಹಾರಾಟಕ್ಕೆ ಮುಕ್ತವಾದ ‘ಹಸಿರು ವಲಯ’ದಲ್ಲೂ 120 ಮೀಟರಿಗಿಂತ ಮೇಲೆ ಡ್ರೋನ್ ಹಾರಿಸಲು ಅನುಮತಿ ಬೇಕು.