ಯೂರಿಯಾ ಹೆಚ್ಚು ಹಾಕಿದಷ್ಟೂ ಮೆಕ್ಕೆಜೋಳದ ಇಳುವರಿ ಹೆಚ್ಚುತ್ತದೆಯೇ?

ಮುಂಗಾರು ಬಿತ್ತನೆ ಮುಗಿದು ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ದಾವಣಗೆರೆ, ಹಾವೇರಿ ಭಾಗದಲ್ಲಿ ಯೂರಿಯಾಕ್ಕೆ ಬೇಡಿಕೆ ಏರುತ್ತದೆ. ಇನ್ನೊಂದು ಚೀಲ ಹಾಕಿದರೆ ತೆನೆ ಇನ್ನೂ ದಪ್ಪಗಾಗುತ್ತದೆ ಎಂಬ ನಂಬಿಕೆ ಹಲವರದ್ದು. ಇದು ಎಷ್ಟು ನಿಜ? ಹೊಲದಲ್ಲೇ ಸಿಗುವ ದಂಟು, ರವದಿಗೂ ಇದಕ್ಕೂ ಏನು ಸಂಬಂಧ? ನೋಡೋಣ.

ಮೆಕ್ಕೆಜೋಳಕ್ಕೆ ಸಾರಜನಕ ಏಕೆ ಬೇಕು?

ಎಲೆಯ ಹಸಿರಿಗೂ ಕಾಳಿನ ಪ್ರೋಟೀನಿಗೂ ಸಾರಜನಕ ಬೇಕೇ ಬೇಕು. ಮೊದಲ ಮೂರು ವಾರ ಗಿಡ ತೆಗೆದುಕೊಳ್ಳುವುದು ಸ್ವಲ್ಪ. ಮೊಣಕಾಲೆತ್ತರದಿಂದ ಸೂಲಂಗಿ ಬರುವವರೆಗೆ ಹಸಿವು ಜೋರು. ಆಗ ಕೊರತೆಯಾದರೆ ಗಿಡ ಹಳೆಯ ಎಲೆಗಳಲ್ಲಿರುವ ಸಾರಜನಕವನ್ನು ಹೊಸ ಎಲೆಗಳಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತವೆ. ಎಲೆ ಹಸಿರಾಗಿದ್ದೂ ಮಧ್ಯಾಹ್ನ ಸುರುಳಿ ಸುತ್ತಿಕೊಳ್ಳುತ್ತಿದ್ದರೆ ಅದು ನೀರಿನ ಕೊರತೆ. ಅದಕ್ಕೆ ಯೂರಿಯಾ ಮದ್ದಲ್ಲ.

ಎಷ್ಟು ಸಾಕು?

ಮಳೆಯಾಶ್ರಿತ ಬೆಳೆಗೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ ಸುಮಾರು 100 ಕೆಜಿ ಸಾರಜನಕ. ಅಂದರೆ ಎಕರೆಗೆ 40 ಕೆಜಿ. ಯೂರಿಯಾದಲ್ಲಿ ಸಾರಜನಕ ಶೇ 46. 45 ಕೆಜಿಯ ಒಂದು ಚೀಲದಲ್ಲಿ ಸುಮಾರು 20.7 ಕೆಜಿ ಇರುತ್ತದೆ. ಬಿತ್ತುವಾಗ 50 ಕೆಜಿಯ ಒಂದು ಚೀಲ ಡಿಎಪಿ ಹಾಕಿದ್ದರೆ ಅದರಿಂದಲೇ 9 ಕೆಜಿ ಬಂದಿರುತ್ತದೆ. ಉಳಿದ 31 ಕೆಜಿಗೆ ಒಂದೂವರೆ ಚೀಲ ಯೂರಿಯಾ ಸಾಕು. ಡಿಎಪಿಯ ಲೆಕ್ಕ ಮರೆತು ಎಕರೆಗೆ ಮೂರು ಚೀಲ ಹಾಕಿದರೆ ಎರಡು ಪಟ್ಟು ಯೂರಿಯಾ ಕೊಟ್ಟಂತೆ.

ಹೆಚ್ಚಾದದ್ದು ಎಲ್ಲಿ ಹೋಗುತ್ತದೆ?

ಬೇಕಾದಷ್ಟು ಸಿಕ್ಕ ಮೇಲೆ ಹೆಚ್ಚುವರಿ ಗೊಬ್ಬರದಿಂದ ಇಳುವರಿ ಏರುವುದಿಲ್ಲ. ನೆಲದ ಮೇಲೆ ಚೆಲ್ಲಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ನೈಟ್ರೇಟ್ ಆದದ್ದು ಜೋರು ಮಳೆಗೆ ಬೇರಿನಿಂದ ಕೆಳಗಿಳಿದು ಅಂತರ್ಜಲ ಸೇರಬಹುದು. ನೀರು ನಿಂತ ಹೊಲದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಅನಿಲವಾಗಿಸುತ್ತವೆ. ಬೇವು ಲೇಪನ ಯೂರಿಯಾ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಈ ನಷ್ಟವನ್ನು ಪೂರ್ತಿ ತಡೆಯುವುದಿಲ್ಲ.

ಹೊದಿಕೆ ಏನು ಮಾಡುತ್ತದೆ?

ಬೇರು ಸಾರಜನಕವನ್ನು ಹೀರುವುದು ನೀರಿನಲ್ಲಿ ಕರಗಿದ ರೂಪದಲ್ಲಿ. ಮೇಲ್ಮಣ್ಣು ಒಣಗಿದರೆ ಗೊಬ್ಬರ ಅಲ್ಲೇ ಇದ್ದರೂ ಗಿಡ ಹಸಿದಿರುತ್ತದೆ. ಸಾಲುಗಳ ನಡುವೆ ದಂಟು, ರವದಿ ಅಥವಾ ಒಣ ಹುಲ್ಲು ಹರಡಿದರೆ ಬಿಸಿಲಿಗೆ ತೇವ ಆರುವುದು ತಗ್ಗುತ್ತದೆ, ಕಳೆ ಕಡಿಮೆಯಾಗುತ್ತದೆ, ಮಳೆಹನಿಯ ಹೊಡೆತಕ್ಕೆ ಮಣ್ಣು ಹೆಪ್ಪುಗಟ್ಟುವುದಿಲ್ಲ. ಸೂಲಂಗಿ ಮತ್ತು ತೆನೆಯ ರೇಷ್ಮೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ತೇವ ಕಾಳು ಕಟ್ಟುವುದನ್ನು ಉಳಿಸಬಲ್ಲದು. ಮಳೆ ಸಮನಾಗಿ ಬಿದ್ದ ವರ್ಷ ಲಾಭ ಅಷ್ಟು ಎದ್ದು ಕಾಣದು. ನೀರು ನಿಲ್ಲುವ ಎರೆ ಹೊಲದಲ್ಲಿ ಮೊದಲು ಬಸಿಗಾಲುವೆ ಆಗಬೇಕು. ಹೊದಿಕೆ ಆಮೇಲಿನ ಮಾತು.

ಹೊದಿಕೆ ಹಾಕಿದರೆ ಬೆಳೆ ಹಳದಿಯಾಗುತ್ತದೆಯೇ?

ಇದು ಅರ್ಧ ಸತ್ಯ. ಮೆಕ್ಕೆಜೋಳದ ಒಣ ದಂಟಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಹಸಿ ಮಣ್ಣಿಗೆ ದಂಟು ಬೆರೆಸಿ ತಕ್ಷಣ ಬಿತ್ತಿದರೆ ಎಳೆ ಬೆಳೆ ಹಳದಿಯಾಗುವುದು ಇದರಿಂದಲೇ. ಮೇಲೆ ಹರಡಿದ ಹೊದಿಕೆ ನಿಧಾನವಾಗಿ ಕೊಳೆಯುವುದರಿಂದ ಈ ತೊಂದರೆ ಕಡಿಮೆ. ಸೂಕ್ಷ್ಮಜೀವಿಗಳು ಸತ್ತ ಮೇಲೆ ಆ ಸಾರಜನಕ ಮತ್ತೆ ಮಣ್ಣಿಗೆ ಸಿಗುತ್ತದೆ. ದಂಟನ್ನು ಸುಟ್ಟರೆ ಮಾತ್ರ ಅದರಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಪೊಟ್ಯಾಷ್‌ನಂತಹ ಖನಿಜಗಳು.

ಹಾಗಾದರೆ ಏನು ಮಾಡಬೇಕು?

- ಯೂರಿಯಾವನ್ನು ಒಂದೇ ಸಲ ಸುರಿಯದೆ ಮೊಣಕಾಲೆತ್ತರದಲ್ಲಿ ಮತ್ತು ಸೂಲಂಗಿಗೆ ಮೊದಲು ಹಂಚಿ ಕೊಡಿ.
- ಮಣ್ಣು ಹದವಾಗಿ ತೇವ ಇರುವಾಗ ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ.
- ಹೊದಿಕೆಯ ಮೇಲೆ ಯೂರಿಯಾ ಎರಚಬೇಡಿ. ಕಸಕಡ್ಡಿಯಲ್ಲಿರುವ ಕಿಣ್ವಗಳು ಅದನ್ನು ಬೇಗ ಅಮೋನಿಯಾ ಮಾಡಿಬಿಡುತ್ತವೆ. ಹೊದಿಕೆ ಸರಿಸಿ ಮಣ್ಣಿಗೇ ಹಾಕಿ.
- ಮೊಳಕೆ ಎದ್ದ ಮೇಲೆ ಸಾಲುಗಳ ನಡುವೆ ಹೊದಿಕೆ ಹರಡಿ, ಬುಡಕ್ಕೆ ಒತ್ತಬೇಡಿ.
- ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ಹೊಲಕ್ಕೆ ಬೇಕಾದ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಒಟ್ಟಿನಲ್ಲಿ, ಸಾರಜನಕ ಬೇಕು, ಆದರೆ ಅದು ಕೆಲಸ ಮಾಡುವುದು ತೇವ ಇದ್ದಾಗ. ಮಳೆ ನಂಬಿದ ಹೊಲದಲ್ಲಿ ಹೆಚ್ಚುವರಿ ಚೀಲಕ್ಕೆ ಅಲೆಯುವ ಮೊದಲು, ಈಗಾಗಲೇ ಹಾಕಿದ ಗೊಬ್ಬರ ಗಿಡಕ್ಕೆ ಸಿಗುವಷ್ಟು ತೇವ ಮಣ್ಣಿನಲ್ಲಿದೆಯೇ ಎಂದು ನೋಡುವುದು ಒಳ್ಳೆಯದು.