ಗಾಜು: ಘನವೋ, ನಿಂತುಹೋದ ದ್ರವವೋ?

ತೆಲುಗಿನಲ್ಲಿ ಗಾಜು ಎಂಬ ಶಬ್ದಕ್ಕೆ ಬಳೆ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಅದು ದ್ರವ್ಯದ ಹೆಸರು. ಬಳೆ ಆ ದ್ರವ್ಯದಿಂದಾದ ವಸ್ತು. ಶಬ್ದಾರ್ಥ ಹೀಗೆ ಸರಿದಾಡಿದರೂ ಬಳೆ ಗಟ್ಟಿಯಾದುದು, ಬಿದ್ದರೆ ಒಡೆಯುವಂಥದು ಎಂಬುದರಲ್ಲಿ ಎರಡೂ ನುಡಿಯವರಿಗೆ ಸಂಶಯವಿಲ್ಲ. ಸಂಶಯವಿರುವುದು ಭೌತವಿಜ್ಞಾನಿಗಳಿಗೆ. ಗಾಜು ಪದಾರ್ಥದ ಸ್ವತಂತ್ರ ಸ್ಥಿತಿಯೋ, ಹರಿಯಲಾರದೆ ನಿಂತುಹೋದ ದ್ರವವೋ ಎಂಬ ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ. ಘನಸ್ಥಿತಿ ಸಿದ್ಧಾಂತದಲ್ಲಿ ಬಗೆಹರಿಯದೆ ಉಳಿದಿರುವ ಅತ್ಯಂತ ಗಹನವಾದ ಸಮಸ್ಯೆ ಬಹುಶಃ ಇದೇ ಎಂದು ಫಿಲಿಪ್ ಆಂಡರ್ಸನ್ 1995ರಲ್ಲಿ ಬರೆದರು.

ಮೊದಲು ಒಂದು ಜನಪ್ರಿಯ ತಪ್ಪುಕಲ್ಪನೆಯನ್ನು ಬದಿಗಿರಿಸಬೇಕು. ಯೂರೋಪಿನ ಹಳೆಯ ಚರ್ಚುಗಳ ಕಿಟಕಿಗಾಜು ಕೆಳಭಾಗದಲ್ಲಿ ದಪ್ಪವಾಗಿರುವುದು ಅದು ಶತಮಾನಗಳಿಂದ ಮೆಲ್ಲನೆ ಇಳಿದಿರುವುದರಿಂದ ಎಂಬ ಮಾತು ಪಠ್ಯಪುಸ್ತಕಗಳಿಗೂ ನುಸುಳಿದೆ. ಇದು ಸತ್ಯವಲ್ಲ. ಆ ಕಾಲದ ತಯಾರಿಕೆಯಲ್ಲಿ ಹಾಳೆಯ ದಪ್ಪ ಒಂದೇ ಸಮನಾಗಿ ಬರುತ್ತಿರಲಿಲ್ಲ, ಅಷ್ಟೆ. ವೆಸ್ಟ್‌ಮಿನ್‌ಸ್ಟರ್ ಅಬೆಯ ಗಾಜಿನ ಸಂಯೋಜನೆಯನ್ನೇ ಹೋಲುವ ಗಾಜನ್ನು ತಯಾರಿಸಿ ಅಳೆದ ಸಂಶೋಧಕರು, ಅದು ನೂರು ಕೋಟಿ ವರ್ಷಗಳಲ್ಲಿ ಹೆಚ್ಚೆಂದರೆ ಒಂದು ನ್ಯಾನೊಮೀಟರಿನಷ್ಟು ಹರಿದೀತೆಂದು 2017ರಲ್ಲಿ ಪ್ರಕಟಿಸಿದರು. ಸಮಸ್ಯೆ ಇರುವುದು ಕಿಟಕಿಯಲ್ಲಲ್ಲ, ಕುಲುಮೆಯಿಂದ ಹೊರಬಂದ ದ್ರವ ತಣಿಯುವ ಬಗೆಯಲ್ಲಿ.

ನೀರು ಹೆಪ್ಪುಗಟ್ಟುವಾಗ ಅಣುಗಳು ಒಂದು ನಿಶ್ಚಿತ ಉಷ್ಣತೆಯಲ್ಲಿ ಸಾಲುಗೂಡಿ ಸ್ಫಟಿಕವಾಗುತ್ತವೆ, ಗುಪ್ತೋಷ್ಣ ಹೊರಬೀಳುತ್ತದೆ, ದ್ರವಕ್ಕೂ ಘನಕ್ಕೂ ನಡುವೆ ಸ್ಪಷ್ಟವಾದ ಗಡಿ ಇರುತ್ತದೆ. ಗಾಜಾಗುವ ದ್ರವದಲ್ಲಿ ಇಂಥ ಗಡಿ ಕಾಣುವುದಿಲ್ಲ. ತಣಿದಂತೆಲ್ಲ ಅದರ ಸ್ನಿಗ್ಧತೆ ಏರುತ್ತ ಹೋಗಿ, ನೀರಿನ ಸ್ನಿಗ್ಧತೆಗಿಂತ ಒಂದರ ಮುಂದೆ 15 ಸೊನ್ನೆಗಳಷ್ಟು ಪಟ್ಟು ಹೆಚ್ಚಾದಾಗ ಅದನ್ನು ಗಾಜು ಎಂದು ಕರೆಯುವುದು ರೂಢಿ. ರೂಢಿ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಏಕೆಂದರೆ ನಿಧಾನವಾಗಿ ತಣಿಸಿದರೆ ಈ ಉಷ್ಣತೆ ಕೆಲವು ಡಿಗ್ರಿ ಕೆಳಕ್ಕೆ ಸರಿಯುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ದ್ರವದ ರಚನೆಗೂ ಗಾಜಿನ ರಚನೆಗೂ ಹೆಚ್ಚಿನ ವ್ಯತ್ಯಾಸ ತೋರುವುದಿಲ್ಲ. ಅಣುಗಳ ಏರ್ಪಾಡು ಬಹುಮಟ್ಟಿಗೆ ಹಾಗೆಯೇ ಇದೆ, ಚಲನೆ ಮಾತ್ರ ನಿಂತಿದೆ.

ಈ ನಿಲುಗಡೆಯ ಹಿಂದೆ ಏನೋ ಅಡಗಿದೆಯೆಂಬ ಸಂದೇಹಕ್ಕೆ ಖಚಿತ ರೂಪ ಕೊಟ್ಟವರು ಅಮೆರಿಕದ ರಸಾಯನವಿಜ್ಞಾನಿ ವಾಲ್ಟರ್ ಕೌಜ್‌ಮನ್. ಅಣುಗಳು ಎಷ್ಟು ಬಗೆಯಲ್ಲಿ ನೆಲೆಗೊಳ್ಳಬಲ್ಲವು ಎಂಬುದರ ಅಳತೆಗೆ ಎಂಟ್ರೊಪಿ ಎಂದು ಹೆಸರು. ಕ್ರಮವಿಲ್ಲದ ದ್ರವದಲ್ಲಿ ಅದು ಹೆಚ್ಚು, ಸ್ಫಟಿಕದಲ್ಲಿ ಕಡಿಮೆ. ಆದರೆ ದ್ರವದ ವಿಶಿಷ್ಟೋಷ್ಣ ಸ್ಫಟಿಕದ್ದಕ್ಕಿಂತ ಹೆಚ್ಚಾದುದರಿಂದ ತಣಿಯುವಾಗ ದ್ರವವು ತನ್ನ ಎಂಟ್ರೊಪಿಯನ್ನು ಬೇಗ ಕಳೆದುಕೊಳ್ಳುತ್ತದೆ. 1948ರಲ್ಲಿ ಕೌಜ್‌ಮನ್ ಹಲವು ದ್ರವಗಳ ಅಳತೆಗಳನ್ನು ರೇಖೆಯಲ್ಲಿ ಮುಂದುವರಿಸಿ ನೋಡಿದಾಗ, ಶೂನ್ಯ ಕೆಲ್ವಿನ್‌ಗಿಂತ ಬಹಳ ಮೇಲೆಯೇ ಎರಡು ರೇಖೆಗಳೂ ಕೂಡುತ್ತಿದ್ದವು. ಅದರಾಚೆ ಕ್ರಮವಿಲ್ಲದ ದ್ರವವು ಕ್ರಮಬದ್ಧ ಸ್ಫಟಿಕಕ್ಕಿಂತಲೂ ಕಡಿಮೆ ಎಂಟ್ರೊಪಿಯುಳ್ಳದ್ದಾಗಬೇಕಿತ್ತು! ಪ್ರತಿ ಸಲವೂ ಆ ಬಿಂದುವನ್ನು ಮುಟ್ಟುವ ಮೊದಲೇ ದ್ರವ ಗಾಜಾಗಿಬಿಡುತ್ತದೆ, ವಿರೋಧಾಭಾಸ ತಪ್ಪಿಹೋಗುತ್ತದೆ. ಇದು ಆಕಸ್ಮಿಕವೋ, ಆ ಬಿಂದುವಿನಲ್ಲಿ ನಿಜವಾದ ಸ್ಥಿತ್ಯಂತರವೊಂದು ಮರೆಯಾಗಿ ನಿಂತಿದೆಯೋ? ಸ್ವತಃ ಕೌಜ್‌ಮನ್ ಅಂಥ ಸ್ಥಿತ್ಯಂತರವನ್ನು ಒಪ್ಪಲಿಲ್ಲ. ಅಷ್ಟರೊಳಗೆ ದ್ರವ ಸ್ಫಟಿಕವಾಗಿಬಿಡುತ್ತದೆ ಎಂಬುದು ಅವರ ನಿಲುವಾಗಿತ್ತು.

ಅಲ್ಲಿಂದ ವಿದ್ವಾಂಸರು ಎರಡು ಪಂಗಡವಾದರು. ಸ್ಥಿತ್ಯಂತರ ಉಂಟೆನ್ನುವವರ ಪ್ರಕಾರ, ಅಣುಗಳು ಗುಂಪುಗೂಡಿ ಮಾತ್ರ ಕದಲಬಲ್ಲವು, ಉಷ್ಣತೆ ಇಳಿದಂತೆ ಗುಂಪು ದೊಡ್ಡದಾಗುತ್ತದೆ, ಕೊನೆಗೆ ಕದಲಿಕೆಯೇ ಅಸಾಧ್ಯವಾಗುತ್ತದೆ. ಇಲ್ಲವೆನ್ನುವವರಿಗೆ ಗಾಜು ಒಂದು ಸಂಚಾರ ದಟ್ಟಣೆಯಂತೆ: ಪಕ್ಕದ ಅಣು ಸರಿದರೆ ಮಾತ್ರ ಈ ಅಣು ಸರಿಯಬೇಕು, ಉಷ್ಣಗತಿವಿಜ್ಞಾನಕ್ಕೆ ಇದರಲ್ಲಿ ಕೆಲಸವಿಲ್ಲ. ಮುಂಬಯಿಯ ಲೋಕಲ್ ರೈಲನ್ನು ಬಲ್ಲವರಿಗೆ ಎರಡನೆಯ ವಾದ ಸುಲಭವಾಗಿ ಹಿಡಿಸೀತು. ಆದರೆ ಉಪಮೆಯೇ ಪ್ರಮಾಣವಾಗದು.

ಪ್ರಮಾಣ ದೊರಕದಿರುವುದು ಕಾಲದ ಕಾರಣದಿಂದ. ಆ ಬಿಂದುವಿನ ಸಮೀಪಕ್ಕೆ ದ್ರವವನ್ನು ಸಮತೋಲ ಕೆಡದಂತೆ ಒಯ್ಯಲು ಯಾವ ಪ್ರಯೋಗಶಾಲೆಯೂ ಕಾಯಲಾರದಷ್ಟು ದೀರ್ಘಕಾಲ ಬೇಕು. ಆದುದರಿಂದ ಸಂಶೋಧಕರು ಅಡ್ಡದಾರಿಗಳನ್ನು ಹುಡುಕಿದ್ದಾರೆ. 2007ರಲ್ಲಿ ಮಾರ್ಕ್ ಎಡಿಗರ್ ಮತ್ತು ಸಂಗಡಿಗರು ದ್ರವವನ್ನು ತಣಿಸುವ ಬದಲು ಆವಿಯನ್ನು ಪದರ ಪದರವಾಗಿ ಕೂರಿಸಿ, ಸಾವಿರಾರು ವರ್ಷ ಮಾಗಿಸಿದರೂ ದೊರೆಯದಷ್ಟು ಸ್ಥಿರವಾದ ಗಾಜನ್ನು ಪಡೆದರು. 2013ರಲ್ಲಿ ಟೆಕ್ಸಾಸ್‌ನ ಸಂಶೋಧಕರು ನಿಸರ್ಗವೇ ಮಾಗಿಸಿದ್ದ ಗಾಜಿಗೆ ಮೊರೆಹೋದರು. ಡೊಮಿನಿಕನ್ ಗಣರಾಜ್ಯದ ಎರಡು ಕೋಟಿ ವರ್ಷ ಹಳೆಯ ಅಂಬರ್, ಅಂದರೆ ಶಿಲೀಭೂತವಾದ ಮರದ ಅಂಟು, ಅವರ ಮಾದರಿ. ಅಣುಗಳ ಚಲನೆ ಅನಂತವಾಗಿ ನಿಧಾನವಾಗುವ ಸೂಚನೆ ಅದರಲ್ಲಿ ಕಾಣಲಿಲ್ಲ. ಸ್ಥಿತ್ಯಂತರವಾದಿಗಳಿಗೆ ಇದು ಪ್ರತಿಕೂಲವಾದ ಸಾಕ್ಷ್ಯ.

ಗಣಕಯಂತ್ರದ ಸಾಕ್ಷ್ಯ ಬೇರೆಯೇ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಶ್ರೀಕಾಂತ್ ಶಾಸ್ತ್ರಿಯವರು ಮತ್ತು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ಮರಜಿತ್ ಕರ್ಮಾಕರ್ ಅವರು ಕೆಲಸ ಮಾಡುತ್ತ ಬಂದಿರುವುದು ಈ ಕ್ಷೇತ್ರದಲ್ಲಿಯೇ. ಫ್ರಾನ್ಸಿನ ಲುಡೋವಿಕ್ ಬರ್ತಿಯೆ ಮತ್ತು ಸಹೋದ್ಯೋಗಿಗಳು 2017ರಲ್ಲಿ ದೊಡ್ಡ ಕಣ ಸಣ್ಣ ಕಣಗಳನ್ನು ಗಣಕದೊಳಗೆ ಪರಸ್ಪರ ಅದಲುಬದಲು ಮಾಡಿ, ನಿಸರ್ಗದಲ್ಲಿ ಸಾಧ್ಯವಿಲ್ಲದ ಈ ಉಪಾಯದಿಂದ ಪ್ರಯೋಗಶಾಲೆಯ ಮಿತಿಯನ್ನೂ ದಾಟಿದರು. ಅಲ್ಲಿಯೂ ದ್ರವದ ಎಂಟ್ರೊಪಿ ಕೌಜ್‌ಮನ್ ರೇಖೆಯ ದಾರಿಯಲ್ಲೇ ಇಳಿಯುತ್ತಿತ್ತು. ಆದರೆ ಕಣಗಳನ್ನು ಎರಡು ಆಯಾಮಗಳಿಗೆ ಸೀಮಿತಗೊಳಿಸಿದಾಗ ರೇಖೆ ಕೂಡುವ ಬಿಂದು ಶೂನ್ಯ ಕೆಲ್ವಿನ್‌ಗೆ ಜಾರಿತು. ಮೂರು ಆಯಾಮಗಳ ನಿಜವಾದ ಗಾಜಿನಲ್ಲಿ ಅಂಬರ್ ಹೇಳುವುದು ಸರಿಯೋ, ಗಣಕ ಹೇಳುವುದು ಸರಿಯೋ ಎಂಬಲ್ಲಿಗೆ ವಿವಾದ ಬಂದು ನಿಂತಿದೆ.