ರೂಮು ಬಾಡಿಗೆಗೆ ಕೊಡುವ ಮುನ್ನ

ಇಕಾಮಾ ಅಂದ್ರೆ ಏನೂಂತ ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಲ್ಫ್‌ನಲ್ಲಿ ಅದಿಲ್ಲದವನನ್ನು ರೂಮಿನಲ್ಲಿ ಇಟ್ಟುಕೊಂಡರೆ ಇಟ್ಟುಕೊಂಡವನಿಗೂ ತೊಂದರೆ. ಅಂಥದ್ದೇ ಕಾನೂನು ನಮ್ಮ ದೇಶದಲ್ಲೂ ಇದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

2021ರ ಜೂನ್‌ನಲ್ಲಿ ಮಂಗಳೂರಿನಲ್ಲಿ ಶ್ರೀಲಂಕಾದ 38 ಮಂದಿ ಪೊಲೀಸರಿಗೆ ಸಿಕ್ಕಿದ್ದು ಹಲವರಿಗೆ ನೆನಪಿರಬಹುದು. ಕೆನಡಾಕ್ಕೆ ಕಳಿಸುತ್ತೇವೆ ಎಂದು ನಂಬಿಸಿ ಏಜೆಂಟರು ಅವರಿಂದ ಹಣ ಪಡೆದು, ತಮಿಳುನಾಡಿನ ಮೂಲಕ ಇಲ್ಲಿಗೆ ತಂದು ಲಾಡ್ಜ್, ಮನೆಗಳಲ್ಲಿ ಇರಿಸಿದ್ದರು. ತನಿಖೆ ಎನ್‌ಐಎ ಕೈಗೆ ಹೋಯಿತು. ಮೋಸ ಹೋದವರೂ ಅವರೇ, ಕೇಸು ಎದುರಿಸಿದವರೂ ಅವರೇ.

1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾನೂನುಗಳ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನಕಲಿ ದಾಖಲೆ ಬಳಸಿದರೆ 2ರಿಂದ 7 ವರ್ಷ ಜೈಲು. ಇಂಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಇದೆ. ವಿದೇಶಿಯೊಬ್ಬ ತಂಗಿದರೆ ಜಾಗ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು.

ಹಾಗಂತ ಹೊರಗಿನವರಿಗೆ ರೂಮೇ ಬೇಡ ಎನ್ನುವುದು ಸರಿಯಾ? ಇಂಡಿ ತಾಲ್ಲೂಕಿನ ಅಗರಖೇಡದ ಕಡೆಯವರು ಗಾರೆ ಕೆಲಸಕ್ಕೆ ಬಂದು ರೂಮು ಕೇಳಿದರೆ ಅವರು ನಮ್ಮದೇ ರಾಜ್ಯದವರು. ಬಂಗಾಳಿ ಮಾತಾಡುವವರಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರದ ನಮ್ಮ ದೇಶದವರೇ ಲಕ್ಷಾಂತರ ಜನ ಇದ್ದಾರೆ. ಗಡಿ ದಾಟಿ ನೇರ ಬರುವ ನೇಪಾಳದವರಿಗೆ ವೀಸಾ ಬೇಕಿಲ್ಲ. ಭಾಷೆ ಕೇಳಿ, ಮುಖ ನೋಡಿ ಇವನು ವಿದೇಶಿ ಎಂದು ತೀರ್ಮಾನಿಸುವ ಅಧಿಕಾರ ನಮಗೂ ಇಲ್ಲ, ಬೀದಿಯಲ್ಲಿ ಗುಂಪು ಕಟ್ಟಿ ಐಡಿ ಕೇಳುವವರಿಗೂ ಇಲ್ಲ.

ನಾವು ಮಾಡಬೇಕಾದ್ದು ಇಷ್ಟೇ. ಗುರುತಿನ ಚೀಟಿಯ ಪ್ರತಿ, ಫೋಟೊ, ಊರಿನ ವಿಳಾಸ, ಕರೆತಂದ ಮೇಸ್ತ್ರಿಯ ನಂಬರ್ ಪಡೆದು ಕರಾರು ಬರೆಸಿಕೊಳ್ಳುವುದು. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ, ಆದರೂ ನಾವು ವಿಚಾರಿಸಿದ್ದೇವೆ ಎಂಬುದಕ್ಕೆ ಅದು ದಾಖಲೆ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಟ್ಟಿಡುವುದು. ಡಬಲ್ ಬಾಡಿಗೆ ಕೊಡ್ತೇನೆ, ಹೆಸರು ಬರೀಬೇಡಿ ಎನ್ನುವ ಏಜೆಂಟನಿಗೆ ಮಾತ್ರ ಬೀಗದ ಕೈ ಕೊಡಬಾರದು.

ಬಂದವರಿಗೆ ನೆರಳು ಕೊಡುವುದು ತಪ್ಪಲ್ಲ. ಗೊತ್ತಿದ್ದೂ ಬಚ್ಚಿಡುವುದು ತಪ್ಪು. ಈ ಎರಡರ ವ್ಯತ್ಯಾಸ ತಿಳಿದರೆ ಹೆದರಿಕೆಯೂ ಬೇಡ.